ಕಲ್ಲುಮರಿಗೆಯ ಹಿಟ್ಟು

ಶ್ರೀವಿದ್ಯಾಳ ಕೈಗುಣ ಸರಿಯಿಲ್ಲ ಎಂಬುದು ಮದ್ರಾಸಿನ ಪುರಸೈವಾಕ್ಕಂನಿಂದ ಪಲ್ಲಾವರಂವರೆಗೆ ನೆಂಟರಿಗೆಲ್ಲ ಗೊತ್ತಿದ್ದ ಸಂಗತಿ. ಆ ಕೈಯಿಂದಲೇ ಅವಳು ನಿವೃತ್ತಿಯಾಗುವವರೆಗೂ ವಿಮಾ ಕಚೇರಿಯಲ್ಲಿ ದುಡಿದಿದ್ದಳು, ಮಗಳನ್ನು ಬೆಳೆಸಿದ್ದಳು, ಅತ್ತೆಯ ಮಂಡಿಗೆ ಎಣ್ಣೆ ತಿಕ್ಕಿದ್ದಳು. ಅದೆಲ್ಲ ಯಾರಿಗೆ ಬೇಕು? ಇಡ್ಲಿ ಹಿಟ್ಟಿಗೆ ಆ ಕೈ ಆಗದು, ಅಷ್ಟೇ. ಮದುವೆಯಾಗಿ ಬಂದ ಹೊಸತರಲ್ಲಿ ಒಂದು ಸಲ ಅವಳು ಹಿಟ್ಟಿಗೆ ಉಪ್ಪು ಹಾಕಿ ಕಲಸಿದ್ದಳು. ಬೆಳಗ್ಗೆ ನೋಡಿದರೆ ಅದು ಇಟ್ಟಂತೆಯೇ ಬಿದ್ದಿತ್ತು. ಅತ್ತೆ ಜಯಲಕ್ಷ್ಮಮ್ಮ ಅವತ್ತು ಹಿಟ್ಟನ್ನು ದೋಸೆ ಹುಯ್ದು ಮುಗಿಸಿದರು, ಕಥೆಯನ್ನು ಮಾತ್ರ ಸಾಯುವವರೆಗೂ ಮುಗಿಸಲಿಲ್ಲ.

“ನಿಂದು ತಣ್ಣನೆ ಕೈ ಕಣೇ, ಹಿಟ್ಟು ಮಲಗ್ಬಿಡತ್ತೆ. ನೀನು ಸೌಟು ಹಿಡ್ಕೋ, ಸಾಕು,” ಎನ್ನುತ್ತಿದ್ದರು.

ಹೇಳುವ ಧಾಟಿಯಲ್ಲಿ ವಿಷವೇನೂ ಇರಲಿಲ್ಲ, ಅದೇ ಇನ್ನೂ ಕಷ್ಟ. ವಿಷವಿದ್ದರೆ ಜಗಳವಾದರೂ ಆಡಬಹುದಿತ್ತು. ಶ್ರೀವಿದ್ಯಾ ತುಟಿಪಿಟಕ್ ಎನ್ನದೆ ಹೊಟ್ಟೆಗೆ ಹಾಕಿಕೊಂಡಳು. ಅವಳಿಗೆ ಚಿನ್ನ ಬೇಕಿರಲಿಲ್ಲ, ಕಾಶಿಯಾತ್ರೆ ಬೇಕಿರಲಿಲ್ಲ. ಯಾರಾದರೂ ಒಮ್ಮೆ, ಒಂದೇ ಒಮ್ಮೆ, ‘ಶ್ರೀವಿದ್ಯಾ, ಇವತ್ತು ಇಡ್ಲಿ ಹೂವಿನ ಹಾಗಿದೆ’ ಅಂದರೆ ಸಾಕಿತ್ತು. ಇಷ್ಟು ಸಣ್ಣ ಆಸೆಯನ್ನು ಬಾಯಿಬಿಟ್ಟು ಹೇಳಲು ನಾಚಿಕೆಯಾಗುತ್ತದೆ, ಆದ್ದರಿಂದಲೇ ಅದು ಒಳಗೇ ಉಳಿದು ದೊಡ್ಡದಾಗುತ್ತದೆ.

ಹಿಟ್ಟು ಇರುತ್ತಿದ್ದದ್ದು ಅತ್ತೆ ತವರಿನಿಂದ ತಂದ ಕಲ್ಲುಮರಿಗೆಯಲ್ಲಿ. ಬಳಪದ ಕಲ್ಲಿನ ಆ ಪಾತ್ರೆ ಎಣ್ಣೆ ಕುಡಿದು ಕುಡಿದು ಕಪ್ಪಗಾಗಿತ್ತು. ಅದನ್ನು ಜಯಲಕ್ಷ್ಮಮ್ಮ ಎಂದೂ ಪೂರ್ತಿ ಖಾಲಿ ಮಾಡಿದವರಲ್ಲ. ತಳದಲ್ಲಿ ಒಂದು ಹಿಡಿ ಹಳೆಯ ಹಿಟ್ಟು ಉಳಿಸಿ, ಹೊಸದನ್ನು ಅದರ ಮೇಲೆ ಹುಯ್ದು, ಬಲಗೈಯನ್ನು ಮೊಣಕೈವರೆಗೂ ಇಳಿಸಿ ಕಲಸುತ್ತಿದ್ದರು. ಆ ಹೊತ್ತಿನಲ್ಲಿ ಅವರ ಮುಡಿಯಲ್ಲಿದ್ದ ಪನ್ನೀರ್ ರೋಜಾ ಗುಲಾಬಿಯ ವಾಸನೆಯೂ ಉದ್ದಿನಬೇಳೆಯ ಹಸಿ ವಾಸನೆಯೂ ಸೇರಿ ಅಡುಗೆಮನೆಯಲ್ಲಿ ಒಂಥರಾ ತುಂಬಿಕೊಳ್ಳುತ್ತಿತ್ತು. ಕೈ ತೊಳೆದು ಬಂದು ಗಂಡನನ್ನು ಕೂಗುತ್ತಿದ್ದರು: “ಏನೂಂದ್ರೆ, ಕಾಫಿ ಹಾಕ್ಲಾ?”

ಆ ‘ಏನೂಂದ್ರೆ’ ಅವರೊಬ್ಬರದೇ ಸ್ವತ್ತು. ಮನೆಯಲ್ಲಿ ಮತ್ಯಾರ ಬಾಯಲ್ಲೂ ಆ ಮಾತಿರಲಿಲ್ಲ. ಶ್ರೀವಿದ್ಯಾ ತನ್ನ ಗಂಡ ತಿರುಮಲನನ್ನು ‘ರೀ’ ಎಂದು ಕೂಗುತ್ತಿದ್ದಳು. ಮಗಳು ವಿಭಾ ತಾನು ‘ಪಾಟಿ’ ಎನ್ನುತ್ತಿದ್ದ ಅಜ್ಜಿಯನ್ನು ಅಣಕಿಸಿ ನಗುತ್ತಿದ್ದಳು. ಮಾವ ಸುಶಮೀಂದ್ರರಾಯರು, ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು, ಕಿವಿ ಮಂದವಾದ ಮೇಲೂ ಆ ಒಂದು ಕೂಗಿಗೆ ಮಾತ್ರ ತಟ್ಟನೆ ತಲೆಯೆತ್ತುತ್ತಿದ್ದರು.

ಜಯಲಕ್ಷ್ಮಮ್ಮ ಹೋದದ್ದು ಒಂದು ಮಧ್ಯಾಹ್ನ. ಹಿಟ್ಟು ರುಬ್ಬಿ, ಕಲಸಿ, ಮರಿಗೆಗೆ ತಟ್ಟೆ ಮುಚ್ಚಿ, “ಸ್ವಲ್ಪ ಕಾಲು ಚಾಚ್ತೀನಿ,” ಎಂದು ಕೋಣೆಗೆ ಹೋದರು. ಕಾಫಿ ಹೊತ್ತಿಗೆ ಶ್ರೀವಿದ್ಯಾ ಎಬ್ಬಿಸಲು ಹೋದಾಗ ಮೈ ಆಗಲೇ ತಣ್ಣಗಿತ್ತು.

ಮುಂದಿನದು ಯಾವ ಮಾಧ್ವರ ಮನೆಗೂ ಹೊಸದಲ್ಲ. ಪಲ್ಲಾವರದಿಂದ ಅತ್ತೆಯ ತಂಗಿ ಸುಮತಿ ಚಿಕ್ಕಮ್ಮ ಆಟೋದಲ್ಲಿ ಬಂದಿಳಿದು, ಅತ್ತು, ಮೂಗೊರೆಸಿಕೊಂಡು, ಅಧಿಕಾರ ವಹಿಸಿಕೊಂಡರು. ಸೂತಕದ ಮನೆಯಲ್ಲಿ ಮಾಡಿಟ್ಟದ್ದು, ಅರೆದಿಟ್ಟದ್ದು, ಹುಳಿಗಿಟ್ಟದ್ದು ಯಾವುದೂ ಉಳಿಯಬಾರದು. ಪಾತ್ರೆಗಳಿಗೆ ಹುಣಿಸೆಹಣ್ಣು ಹಾಕಿ ತಿಕ್ಕಬೇಕು.

“ಆ ಹಿಟ್ಟೂ ಚೆಲ್ಲು ಶ್ರೀವಿದ್ಯಾ. ಒಂದು ತೊಟ್ಟೂ ಇರಕೂಡದು. ಹೋದವಳು ಅದರ ಹಿಂದೇನೇ ಸುತ್ತುತಾಳೆ, ಆಮೇಲೆ ಹೋಗೋದೇ ಇಲ್ಲ.”

ಶ್ರೀವಿದ್ಯಾ ತಟ್ಟೆ ಸರಿಸಿದಳು. ಗಟ್ಟಿ ಹಿಟ್ಟಿನ ಮೇಲೆ ಅತ್ತೆಯ ಬೆರಳುಗಳು ಸುತ್ತಿದ ಗುರುತು ಹಾಗೇ ಇತ್ತು. ಒಂದು ಕಡೆ ಉಂಗುರ ಗೀರಿದ ಗೆರೆ ಕೂಡ ಇತ್ತು. ಹೊರಗೆ ಅವರನ್ನು ಚಟ್ಟಕ್ಕೆ ಕಟ್ಟುತ್ತಿದ್ದರು, ಇಲ್ಲಿ ಅವರ ಕೈ ಇನ್ನೂ ಹಿಟ್ಟಿನಲ್ಲಿತ್ತು. ಅಷ್ಟು ವರ್ಷ ಆ ಕೈಯನ್ನು ಕಂಡು ಕರುಬಿದವಳಿಗೆ ಅದನ್ನು ಮೋರಿಗೆ ಚೆಲ್ಲಲು ಮನಸ್ಸು ಬರಲಿಲ್ಲ. ಗುರುತು ಇದ್ದ ಜಾಗದಿಂದಲೇ ಒಂದು ಹಿಡಿ ತೆಗೆದು ಸಣ್ಣ ಎವರ್‌ಸಿಲ್ವರ್ ಸ್ಟೀಲಿನ ಡಬ್ಬಿಗೆ ಹಾಕಿ, ಫ್ರಿಜ್ಜಿನ ಹಿಂಬದಿಗೆ ತಳ್ಳಿ, ಉಳಿದದ್ದನ್ನು ಚೆಲ್ಲಿ, ಮರಿಗೆಯನ್ನು ಚಿಕ್ಕಮ್ಮನ ಕಣ್ಣೆದುರಿಗೇ ತಿಕ್ಕಿದಳು. ತಪ್ಪು ಎಂದು ಗೊತ್ತಿತ್ತು. ಗೊತ್ತಿದ್ದೇ ಮಾಡಿದಳು.

ಹತ್ತನೆಯ ದಿನ ಪಿಂಡವಿಟ್ಟರೆ ಕಾಗೆ ಬರಲಿಲ್ಲ. ಮದ್ರಾಸಿನಲ್ಲಿ ಕಾಗೆಗೆ ಬರವೇ? ಬೇರೆಯವರು ಇಟ್ಟದ್ದಕ್ಕೆಲ್ಲ ಮುತ್ತಿಕೊಂಡು ಕಿತ್ತಾಡಿದವಂತೆ, ಇವರದ್ದರ ಹತ್ತಿರಕ್ಕೆ ಒಂದೂ ಸುಳಿಯಲಿಲ್ಲವಂತೆ. ತಿರುಮಲ ಒದ್ದೆ ಪಂಚೆಯಲ್ಲಿ ನಿಂತು, ಅಪ್ಪನನ್ನು ಚೆನ್ನಾಗಿ ನೋಡ್ಕೋತೀನಮ್ಮ, ವಿಭಾಗೆ ಮದುವೆ ಮಾಡ್ತೀನಮ್ಮ ಎಂದೆಲ್ಲ ಹೇಳಿ ನೋಡಿದ. ಕೊನೆಗೆ ಆಚಾರ್ಯರು ದರ್ಭೆಯಲ್ಲಿ ಕಾಗೆ ಮಾಡಿ ಮುಟ್ಟಿಸಿ ಮುಗಿಸಿದರು.

“ಅಮ್ಮಂಗೆ ಏನೋ ಮನಸ್ಸಲ್ಲಿ ಉಳಿದಿದೆ,” ಎಂದ ತಿರುಮಲ, ಮನೆಗೆ ಬಂದು. “ಏನಿರ್ಬಹುದು?”

ಶ್ರೀವಿದ್ಯಾ ಅವನ ಒದ್ದೆ ಪಂಚೆ ತೆಗೆದುಕೊಂಡು ಒಣಹಾಕಲು ಹೊರಟಳು. ಫ್ರಿಜ್ಜಿನ ಕಡೆ ನೋಡಲಿಲ್ಲ.

ಆಮೇಲೆ ಶುರುವಾದದ್ದು ಮಾವನ ಹಟ. ವೈಕುಂಠ ಸಮಾರಾಧನೆ ಮುಗಿದು ನೆಂಟರು ಹೋದ ಮೇಲೆ ಅವರು ಊಟ ಬಿಟ್ಟರು. ಹಟ ಎನ್ನುವುದೂ ತಪ್ಪೇನೋ. ಬಾಯಿಗಿಟ್ಟದ್ದು ಒಳಗೆ ಇಳಿಯುತ್ತಲೇ ಇರಲಿಲ್ಲ. ಅನ್ನ ಕಲಸಿ ಕೊಟ್ಟರೆ ಒಂದು ತುತ್ತು, ಗಂಜಿ ಕೊಟ್ಟರೆ ಎರಡು ಗುಟುಕು. ಅಂಗಡಿಯ ಪ್ಯಾಕೆಟ್ ಹಿಟ್ಟಿನ ಇಡ್ಲಿ ಮಾಡಿದಳು, ಮೂಸಿ ತಟ್ಟೆ ಸರಿಸಿದರು. ಶ್ರೀವಿದ್ಯಾ ತಾನೇ ರುಬ್ಬಿದಳು, ಸೌಟಿನಲ್ಲೇ ಕಲಸಿದಳು. ಅದು ಕಲ್ಲಾಯಿತು.

“ಇದರಲ್ಲಿ ಅವಳಿಲ್ಲ,” ಎಂದರು ರಾಯರು ಮೆಲ್ಲಗೆ.

ಕೊರಳ ಮೂಳೆ ಎದ್ದು ಕಾಣತೊಡಗಿತು. ಡಾಕ್ಟರು ನೋಡಿ, ಹೀಗೇ ಆದರೆ ಆಸ್ಪತ್ರೆಗೆ ಸೇರಿಸಿ ಮೂಗಿನಲ್ಲಿ ಟ್ಯೂಬ್ ಹಾಕಬೇಕಾಗುತ್ತದೆ, ಈ ವಯಸ್ಸಿನಲ್ಲಿ ಅದೂ ಎಷ್ಟು ದಿನವೋ ಹೇಳಲಾಗದು ಎಂದರು. ಅವತ್ತು ಸಂಜೆ ಶ್ರೀವಿದ್ಯಾ ಡಬ್ಬಿ ಹೊರಗೆ ತೆಗೆದಳು. ಹಿಟ್ಟಿನ ಮೇಲೆ ಹಳದಿ ನೀರು ತೇಲುತ್ತಿತ್ತು. ಹೊಸ ಹಿಟ್ಟನ್ನು ಮರಿಗೆಗೆ ಹುಯ್ದು, ಅದನ್ನೂ ಸೇರಿಸಿ, ಸೌಟು ಹುಡುಕುವಷ್ಟು ತಾಳ್ಮೆಯಿಲ್ಲದೆ ಕೈಯನ್ನೇ ಇಳಿಸಿದಳು.

ಬೆಳಗ್ಗೆ ತಟ್ಟೆ ನೆಲಕ್ಕೆ ಬಿದ್ದಿತ್ತು. ಹಿಟ್ಟು ಮರಿಗೆಯ ಕಂಠ ದಾಟಿ ಉಕ್ಕಿ ಕಟ್ಟೆಯ ಮೇಲೆ ಇಳಿದಿತ್ತು. ಅಡುಗೆಮನೆಯಲ್ಲಿ ಪನ್ನೀರ್ ರೋಜಾದ ವಾಸನೆ. ಮನೆಯಲ್ಲಿ ಯಾರೂ ಹೂವು ಮುಡಿದು ಎಷ್ಟೋ ದಿನಗಳಾಗಿದ್ದವು.

ರಾಯರು ಇಡ್ಲಿ ಮುರಿದು ಬಾಯಿಗಿಟ್ಟರು. ಅಗಿಯುವುದನ್ನು ನಿಲ್ಲಿಸಿ, ಅಡುಗೆಮನೆಯ ಬಾಗಿಲ ಕಡೆ ನೋಡಿದರು. ಕಣ್ಣು ತುಂಬಿ ಬಂತು.

“ಜಯಾ ಬಂದ್ಲು,” ಎಂದು ಇನ್ನೊಂದು ಹಾಕಿಸಿಕೊಂಡರು.

ಮಾವ ಉಂಡರು, ಸರಿ. ಬದುಕಿದರು, ಸಂತೋಷ. ಆದರೆ ಹಿಟ್ಟಿನ ನಡತೆ ಶ್ರೀವಿದ್ಯಾಗೆ ಹಿಡಿಸಲಿಲ್ಲ. ಬರಬರುತ್ತ ಅದು ರಾತ್ರಿಯಿಡೀ ಕಾಯುವುದನ್ನೇ ಬಿಟ್ಟಿತು. ಬೆಳಗ್ಗೆ ಕಲಸಿಟ್ಟರೆ ಊಟ ಮುಗಿಯುವಷ್ಟರಲ್ಲಿ ತಟ್ಟೆಯನ್ನು ಮೇಲಕ್ಕೆ ತಳ್ಳುತ್ತಿತ್ತು. ನಡುಮಧ್ಯಾಹ್ನ, ರಸ್ತೆಯಲ್ಲಿ ಜವಳಿ ಅಂಗಡಿಗಳ ಗಲಾಟೆ ಕೇಳುತ್ತಿರುವಾಗಲೇ, ಅಡುಗೆಮನೆಯಿಂದ ತಟ್ಟೆ ಟಿಣ್ ಎನ್ನುತ್ತಿತ್ತು. ರಾಯರು ಆ ಸದ್ದಿಗೆ ತಲೆಯೆತ್ತುತ್ತಿದ್ದರು. ಕೂಗಿದರೂ ಕೇಳದ ಕಿವಿಗೆ ಅದು ಹೇಗೆ ಕೇಳುತ್ತಿತ್ತೋ! ಕಲಸುವಾಗ ಹಿಟ್ಟಿನೊಳಗೆ ಬೆಚ್ಚಗೆ ಯಾರೋ ಕೈ ಹಿಡಿದಂತಾಗುತ್ತಿತ್ತು. ಎಳೆದುಕೊಂಡರೆ ಬೆರಳುಗಳ ಹಿಂದೆ ಉದ್ದುದ್ದ ಎಳೆಗಳು ಬರುತ್ತಿದ್ದವು, ಬಿಡಲು ಮನಸ್ಸಿಲ್ಲದಂತೆ.

ಭಾನುವಾರ ವಿಭಾ ಹಾಸ್ಟೆಲಿನಿಂದ ಬಂದಳು. ಅವಳು ನಗರದ ಒಂದು ಕಾಲೇಜಿನಲ್ಲಿ ಯೀಸ್ಟ್ ಮೇಲೆಯೇ ಸಂಶೋಧನೆ ಮಾಡುತ್ತಿದ್ದಳು. ಶ್ರೀವಿದ್ಯಾ ಮಗಳನ್ನು ಅಡುಗೆಮನೆಗೆ ಕರೆದು, ಬಾಗಿಲು ಮುಂದೆ ಮಾಡಿ, ಡಬ್ಬಿಯ ವಿಷಯ, ಕಾಗೆಯ ವಿಷಯ ಎಲ್ಲ ಹೇಳಿದಳು. ವಿಭಾ ಮೊದಲು ನಕ್ಕಳು.

“ಐಯೋ ಅಮ್ಮಾ, ಪೇಯೂ ಇಲ್ಲ ಪಿಸಾಸೂ ಇಲ್ಲ, ದೆವ್ವ ಗಿವ್ವ ಏನೂ ಇಲ್ಲ. ಕೇಳು. ಹಿಟ್ಟಲ್ಲಿ ಬ್ಯಾಕ್ಟೀರಿಯಾನೂ ಇರತ್ತೆ, ಯೀಸ್ಟೂ ಇರತ್ತೆ. ಉದ್ದಿನಬೇಳೆ ಪ್ರೋಟೀನ್‌ನಲ್ಲಿ ಟೈರೋಸಿನ್ ಅಂತ ಒಂದಿದೆ. ಯೀಸ್ಟ್‌ಗೆ ಅದರಲ್ಲಿರೋ ನೈಟ್ರೋಜನ್ ಬೇಕು, ಕಿತ್ಕೊಳ್ಳತ್ತೆ. ಮಿಕ್ಕಿದ್ದನ್ನ ಒಂದು ಆಲ್ಕೋಹಾಲ್ ಮಾಡಿ ಹೊರಗೆ ಎಸೆಯತ್ತೆ. ಟೈರೋಸಾಲ್ ಅಂತ ಅದರ ಹೆಸರು.”

“ಆಲ್ಕೋಹಾಲಾ? ರಾಮ ರಾಮಾ! ಇಡ್ಲಿಯಲ್ಲಾ?”

“ಕುಡಿಯೋದಲ್ಲಮ್ಮಾ. ಫೀನಾಲ್ ಜಾತಿದು. ಆಲಿವ್ ಗಿಡಾನೂ ಮಾಡತ್ತೆ, ಅದಕ್ಕೇ ಆಲಿವ್ ಎಣ್ಣೇಲೂ ಇದೆ. ಹಿಮಾಲಯದ ಬಂಡೆ ಮೇಲೆ ಬೆಳೆಯೋ ಒಂದು ಗಿಡ ಅದಕ್ಕೆ ಸಕ್ಕರೆ ಅಂಟಿಸಿ ಬೇರಲ್ಲಿ ಬಚ್ಚಿಡತ್ತೆ. ಗಿಡಕ್ಕೂ ಯೀಸ್ಟ್‌ಗೂ ನೆಂಟಸ್ತಿಕೆ ಇಲ್ಲ, ಮಾಡೋ ದಾರೀನೂ ಒಂದೇ ಅಲ್ಲ. ಆದ್ರೂ ಎರಡೂ ಅದೇ ವಸ್ತುವಿಗೆ ಬಂದು ನಿಲ್ಲತ್ತೆ. ನಂಗೇ ಅದು ಆಶ್ಚರ್ಯ.”

“ಅದಕ್ಕೂ ನಮ್ಮ ಹಿಟ್ಟು ಹೀಗೆ ಎದ್ದು ಕೂರೋದಕ್ಕೂ ಏನು?”

“ಎಸೆದದ್ದು ನೀರಲ್ಲೇ ಉಳಿಯತ್ತಲ್ಲ. ಮನುಷ್ಯರ ಬಾಯಲ್ಲಿರೋ ಒಂದು ಯೀಸ್ಟ್‌ನಲ್ಲಿ ನೋಡಿದ್ದಾರೆ. ಸ್ವಲ್ಪ ಜನ ಇದ್ದಾಗ ಸುಮ್ನೆ ಕೂತಿರತ್ತೆ. ಟೈರೋಸಾಲ್ ಸೇರ್ತಾ ಸೇರ್ತಾ, ಓ, ನಾವು ತುಂಬಾ ಜನ ಆಗ್ಬಿಟ್ವಿ ಅಂತ ತಿಳ್ಕೊಂಡು ಎಳೆ ಬಿಡೋಕೆ ಶುರು ಮಾಡತ್ತೆ. ಹಳೇದರ ನೀರನ್ನ ಹೊಸದಕ್ಕೆ ಹಾಕಿದ್ರೆ ಅದು ಕಾಯೋದೇ ಇಲ್ಲ, ಬೇಗ ಎದ್ಬಿಡತ್ತೆ. ಇಲ್ಲೂ ಅಂಥದ್ದೇ ಏನೋ ಇರ್ಬಹುದು. ರೋಜಾ ವಾಸನೆ ಅಂದ್ಯಲ್ಲ, ಟೈರೋಸಾಲ್‌ಗೆ ತಂಗಿ ಥರ ಇನ್ನೊಂದಿದೆ. ಅದೂ ಯೀಸ್ಟೇ ಮಾಡೋದು. ಅದರ ವಾಸನೆ ರೋಜಾದ್ದೇ.”

ಶ್ರೀವಿದ್ಯಾ ಮರಿಗೆಯ ಕಡೆ ತಿರುಗಿದಳು. “ಅಂದ್ರೆ ಮುಂಚೆ ಇದ್ದವರು ಬಿಟ್ಟು ಹೋದದ್ದು, ಈಗ ಬಂದವರನ್ನ ಎಬ್ಬಿಸತ್ತೆ ಅನ್ನು.”

“ನೀನು ಹೇಳಿದ್ರೆ ಎಲ್ಲಾ ದೆವ್ವದ ಕಥೆ ಆಗತ್ತೆ!” ಎಂದು ವಿಭಾ ರೇಗಿದಳು. ಆದರೂ ಮರಿಗೆಯಿಂದ ಒಂದಿಷ್ಟು ಹಿಟ್ಟನ್ನು ಪುಟ್ಟ ಶೀಶೆಗೆ ತುಂಬಿಕೊಂಡಳು. ಹತ್ತಿಯ ಕಡ್ಡಿಯಿಂದ ಅಮ್ಮನ ಅಂಗೈಯನ್ನೂ ಒರೆಸಿಕೊಂಡಳು. ಎರಡನ್ನೂ ಲ್ಯಾಬಿನಲ್ಲಿ ಬೆಳೆಸಿ ನೋಡುತ್ತೇನೆ ಎಂದು ಹೋದಳು. ಹೋಗುವಾಗ ತಟ್ಟೆ ಟಿಣ್ ಎಂದಿತು. ವಿಭಾ ತಿರುಗಿ ನೋಡಿ, ಚಪ್ಪಲಿ ಮೆಟ್ಟಿದಳು.

ವಿಜ್ಞಾನ ಹೇಳಿದ್ದು ಶ್ರೀವಿದ್ಯಾಗೆ ಅರ್ಥವಾಗಲಿಲ್ಲ ಎಂದೇನಲ್ಲ. ಅರ್ಥವಾದದ್ದರಿಂದ ಹೆದರಿಕೆ ಕಡಿಮೆಯಾಗಲಿಲ್ಲ, ಅಷ್ಟೇ. ಮೊದಲ ಮಾಸಿಕದ ದಿನ ಮಹಡಿಯ ಮೇಲೆ ಕಾಗೆಗೆ ಎಲೆಯಲ್ಲಿ ಅನ್ನ ಇಟ್ಟಳು. ಈ ಸಲ ಒಂದು ಕಾಗೆ ಬಂದು ಗೋಡೆಯ ಮೇಲೆ ಕೂತಿತು. ಅನ್ನವನ್ನು ನೋಡಲಿಲ್ಲ. ಕತ್ತು ಓರೆ ಮಾಡಿ ಅವಳ ಬಲಗೈಯನ್ನೇ ನೋಡುತ್ತ ಕೂತಿತು. ಶ್ರೀವಿದ್ಯಾ ಕೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡ ಮೇಲೆ ಹಾರಿಹೋಯಿತು.

ಕೆಳಗೆ ಬಂದರೆ ಮಾವ ಊಟದ ಕೋಣೆಯಲ್ಲಿ ಖಾಲಿ ಮಣೆಯೊಂದರ ಎದುರು ಕೂತು ಮಾತಾಡುತ್ತಿದ್ದರು.

“ಯಾರ ಹತ್ರ ಮಾವ?”

“ನಿಮ್ಮತ್ತೆ ಹತ್ರಾನೇ,” ಎಂದರು ಸಹಜವಾಗಿ. “ಒಬ್ಬಳಿಗೇ ಬೇಜಾರಂತೆ. ಇನ್ನು ಸ್ವಲ್ಪ ದಿನ, ಆಮೇಲೆ ಇಬ್ಬರೂ ಒಟ್ಟಿಗೆ ಹೊರಡೋಣ ಅಂತಾಳೆ. ನಾನೂ ಪೆಟ್ಟಿಗೆ ಕಟ್ಟಬೇಕು.”

ಇಷ್ಟು ದಿನ ತಾನು ಮಾವನಿಗೆ ಜೀವ ಉಣಿಸುತ್ತಿದ್ದೇನೆ ಅಂದುಕೊಂಡಿದ್ದಳಲ್ಲ, ಈಗ ನೋಡಿದರೆ ಅದೇ ಹಿಟ್ಟು ಅವರನ್ನು ಕರೆಯುತ್ತಿದೆ. ಇಟ್ಟುಕೊಂಡರೆ ಮಾವ ಅತ್ತೆಯ ಹಿಂದೆ ಹೊರಡುತ್ತಾರೆ. ಚೆಲ್ಲಿದರೆ ಉಪವಾಸ ಬೀಳುತ್ತಾರೆ. ಶ್ರೀವಿದ್ಯಾ ಗೋಡೆಗೊರಗಿ ಕೂತು ಅತ್ತಳು. ಮಾವನಿಗಾಗಿ ಅತ್ತಳು, ಅತ್ತೆಯನ್ನು ಹೋಗಲು ಬಿಡದೆ ಮರಿಗೆಯಲ್ಲಿ ಕಟ್ಟಿಹಾಕಿದ್ದಕ್ಕಾಗಿ ಅತ್ತಳು. ಕಣ್ಣೊರೆಸಿಕೊಂಡು ಎದ್ದಾಗ ಏನು ಮಾಡಬೇಕೆಂದು ತೀರ್ಮಾನವಾಗಿತ್ತು. ಉಪವಾಸ ಬಿದ್ದವರನ್ನು ಕಾಡಿ ಬೇಡಿ ಉಣ್ಣಿಸಬಹುದು. ಹೊರಟವರನ್ನು ಹಿಡಿಯಲಾಗದು.

ಇದ್ದಬದ್ದ ಹಿಟ್ಟನ್ನೆಲ್ಲ ಡಬ್ಬಿಗೆ ತುಂಬಿಕೊಂಡು, ಅತ್ತೆಯ ಅಸ್ಥಿ ಬಿಟ್ಟಿದ್ದ ಕಡಲತೀರಕ್ಕೆ ಆಟೋದಲ್ಲಿ ಹೋದಳು. ಬಿಸಿಲು ಚುರುಗುಟ್ಟುತ್ತಿತ್ತು. ಅಲೆಯಂಚಿಗೆ ಹೋಗಿ ಡಬ್ಬಿ ಬಗ್ಗಿಸಿದಳು. ಹಿಟ್ಟು ನಿಧಾನವಾಗಿ, ಒಲ್ಲೆ ಒಲ್ಲೆ ಎನ್ನುತ್ತಲೇ ಮರಳಿನ ಮೇಲೆ ಇಳಿಯಿತು.

“ತಪ್ಪಾಯ್ತು ಅತ್ತೆ. ಹೋಗಿ ಬನ್ನಿ. ಮಾವನ್ನ ನಂಗೆ ಬಿಟ್ಟುಕೊಡಿ.”

ಮಾತು ಮುಗಿಯುವ ಮುಂಚೆಯೇ ಕಾಗೆಗಳು ಬಂದವು. ಎಲ್ಲಿದ್ದವೋ ಏನೋ, ಅವಳ ಕಾಲ ಬುಡದಲ್ಲಿ ಕಪ್ಪಗೆ ಮುತ್ತಿಕೊಂಡು, ಒಂದರ ಮೇಲೊಂದು ಬಿದ್ದು, ಮರಳಿಗಂಟಿದ್ದನ್ನೂ ಬಿಡದೆ ತಿಂದವು. ಒಂದೂ ಕೂಗಲಿಲ್ಲ. ಅಷ್ಟು ಕಾಗೆಗಳು ಸದ್ದಿಲ್ಲದೆ ತಿನ್ನುವುದನ್ನು ಅವಳು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಹೆದರಿಕೆಯಾದರೂ ಕೈ ಮುಗಿದಳು. ಅತ್ತೆ ಹೋದರು ಎನ್ನಿಸಿತು.

ಮನೆಗೆ ಬಂದು ಮರಿಗೆಗೆ ಕುದಿಯುವ ನೀರು ಸುರಿದು, ಹುಣಿಸೆಹಣ್ಣು ಹಾಕಿ ತಿಕ್ಕಿ, ಮಹಡಿಯ ಬಿಸಿಲಿಗೆ ಬೋರಲು ಹಾಕಿ ಬಂದಳು. ಹೊಸ ಅಕ್ಕಿ, ಹೊಸ ಬೇಳೆ ರುಬ್ಬಿದಳು. ಹಳೆಯದು ಒಂದು ತೊಟ್ಟೂ ಸೇರದಂತೆ ಹೊಸ ಎವರ್‌ಸಿಲ್ವರ್ ಪಾತ್ರೆಗೆ ಹುಯ್ದಳು. ಸೌಟು ಕೈಗೆತ್ತಿಕೊಂಡವಳು, ಹಾಗೇ ನಿಂತು, ಅದನ್ನು ಕೆಳಗಿಟ್ಟಳು. ಏಳದಿದ್ದರೆ ಏಳದೇ ಹೋಗಲಿ, ಇದಾದರೂ ನನ್ನ ಕೈಯದು ಎಂದು ಬಲಗೈ ಇಳಿಸಿ ಕಲಸಿದಳು.

ಬೆಳಗ್ಗೆ ಪಾತ್ರೆಯ ಮುಚ್ಚಳ ನೆಲದ ಮೇಲಿತ್ತು.

ಅದೇ ಹೊತ್ತಿಗೆ ವಿಭಾಳ ಫೋನ್ ಬಂತು. ದನಿಯಲ್ಲಿ ಉತ್ಸಾಹ. “ಅಮ್ಮಾ, ನೋಡ್ದೆ. ಹಿಟ್ಟಲ್ಲಿರೋ ಯೀಸ್ಟೂ ನಿನ್ನ ಕೈಯಿಂದ ಎತ್ತಿದ್ದೂ ಒಂದೇ. ಪೂರ್ತಿ ಒಂದೇ. ಪಾಟಿದು ನಿನ್ನ ಕೈಲಿ ಮನೆ ಮಾಡ್ಕೊಂಡಿದೆ. ಪಾತ್ರೆ ಎಷ್ಟು ತೊಳೆದ್ರೂ ಪ್ರಯೋಜನ ಇಲ್ಲ. ಇನ್ಮೇಲೆ ನೀನು ಕೈ ಹಾಕಿದ ಹಿಟ್ಟೆಲ್ಲಾ ಉಕ್ಕತ್ತೆ. ಖುಷಿ ತಾನೇ?”

ಶ್ರೀವಿದ್ಯಾ ಖುಷಿ ಎಂದೇ ಹೇಳಿದಳು. ಖುಷಿಯಾಗಿಯೂ ಇತ್ತು, ಸುಳ್ಳೇಕೆ? ಇಡ್ಲಿ ಬೇಯಿಸಿ ತಟ್ಟೆಗೆ ಹಾಕುವಾಗ ಅವು ಹೂವಿನ ಹಾಗಿದ್ದವು. ಇವತ್ತು ಮಾವ ತಿಂದು ಜಯಾ ಎಂದರೆ ಬಾಯಿಬಿಟ್ಟು ಹೇಳಿಬಿಡಬೇಕು: ಇದು ಅತ್ತೆಯದಲ್ಲ ಮಾವ, ನಂದು, ಶ್ರೀವಿದ್ಯಾಳ ಕೈಗುಣ. ಆ ಮಾತನ್ನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಲೇ ಬಡಿಸಿದಳು. ತಿರುಮಲ ಪಕ್ಕದಲ್ಲಿ ಕಾಫಿ ಕುಡಿಯುತ್ತಿದ್ದ.

ರಾಯರ ಪಕ್ಕದಲ್ಲಿ ಅವರ ಹಳೆಯ ತಗಡಿನ ಪೆಟ್ಟಿಗೆಯಿತ್ತು. ಎರಡು ಪಂಚೆ ಮಡಿಸಿ ಒಳಗಿಟ್ಟಿದ್ದರು. ಒಂದು ತುತ್ತು ತಿಂದು, ಕಣ್ಣು ಮುಚ್ಚಿ, ನಿಧಾನವಾಗಿ ನುಂಗಿದರು.

“ಜಯಾ,” ಎಂದರು ತಲೆಯೆತ್ತದೆ. “ಎಲ್ಲಾ ಕಟ್ಟಿಟ್ಟಿದೀನಿ. ಇವತ್ತೇ ಹೊರಡೋಣ ಅಂದ್ಯಲ್ಲೇ?”

ಶ್ರೀವಿದ್ಯಾ ಬಾಯಿ ತೆರೆದಳು. ಹೇಳಬೇಕೆಂದುಕೊಂಡ ಮಾತು ಗಂಟಲಿನಲ್ಲಿ ಸಿದ್ಧವಾಗಿತ್ತು. ಅಷ್ಟರಲ್ಲಿ ಎಲ್ಲಿಂದಲೋ ಪನ್ನೀರ್ ರೋಜಾದ ವಾಸನೆ ಬಂತು, ತನ್ನದೇ ಅಂಗೈಯಿಂದ.

“ಏನೂಂದ್ರೆ,” ಎಂದಿತು ಅವಳ ಬಾಯಿ. “ಹೊರಡೋದು ಎಲ್ಲಿಗೆ? ನಾನು ಇಲ್ಲೇ ಇದೀನಲ್ಲ. ಸುಮ್ನೆ ಕೂತ್ಕೊಂಡು ತಿನ್ನಿ. ಇನ್ನೊಂದು ಹಾಕ್ಲಾ?”

ತಿರುಮಲನ ಕೈಯಲ್ಲಿದ್ದ ಲೋಟ ಬಾಯಿಯ ಹತ್ತಿರ ಹೋದದ್ದು ಅಲ್ಲೇ ನಿಂತಿತು. ರಾಯರು ತಟ್ಟನೆ ತಲೆಯೆತ್ತಿ ಸೊಸೆಯ ಮುಖವನ್ನೇ ನೋಡಿದರು. ಆಮೇಲೆ ಒಂದು ಕೈಯಿಂದ ಪೆಟ್ಟಿಗೆಯನ್ನು ಗೋಡೆಯ ಕಡೆಗೆ ಸರಿಸಿ, ಇನ್ನೊಂದು ಕೈಯಿಂದ ತಟ್ಟೆ ಮುಂದೆ ಹಿಡಿದರು. ಶ್ರೀವಿದ್ಯಾ ಬಡಿಸಿದಳು. ಅವಳ ಕೈ ಬೆಚ್ಚಗಿತ್ತು.